ಕಿವಿರು ನೋಡುವ ಭಾಸ್ಕರಣ್ಣ

ಭಾಸ್ಕರಣ್ಣ ಸೂಪರ್‌ಮಾರ್ಕೆಟ್ಟಿನ ಮೀನಿನ ಕಪಾಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರೆಂದರೆ ಅಲ್ಲಿನ ಹೆಂಗಸು ಮೆಲ್ಲನೆ ಹಿಂದಿನ ಕೋಣೆಗೆ ಸರಿಯುತ್ತಿದ್ದಳು. “ಇದರ ತಲೆ ಎಲ್ಲಿ?” ಎಂದು ಅವರು ಪ್ರತಿ ಶನಿವಾರ ಕೇಳುತ್ತಿದ್ದರು. ಜರ್ಮನಿಯ ಯೇನಾ ಊರಲ್ಲಿ ನಮಗೆ ಸಿಗುತ್ತಿದ್ದದ್ದು ಚರ್ಮ ಸುಲಿದು, ಮುಳ್ಳು ತೆಗೆದು, ಪೆಟ್ಟಿಗೆಗೆ ಹಾಕಿದ ಬಿಳಿ ತುಂಡು. “ಕಿವಿರು ನೋಡದೆ ಮೀನು ತೆಗೊಳ್ಳುವುದೂ ಒಂದೇ, ಮುಖ ನೋಡದೆ ಮದುವೆ ಆಗುವುದೂ ಒಂದೇ ಮಾರಾಯ” ಎಂದು ನನಗೆ ಹೇಳಿ ಬರಿಗೈಯಲ್ಲಿ ಹೊರಡುತ್ತಿದ್ದರು. ದಾವಣಗೆರೆಯ ಸಸ್ಯಾಹಾರಿ ಬ್ರಹ್ಮಚಾರಿಯಾದ ನನಗೆ ಎರಡರ ಅನುಭವವೂ ಇರಲಿಲ್ಲ.

ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆಂದು ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಒಂದೇ ಕಂಪನಿಗೆ ಬಂದವರು ನಾವಿಬ್ಬರು. ಮಲ್ಪೆಯ ಮೀನುಗಾರರ ಮನೆಯ ಭಾಸ್ಕರಣ್ಣ ಕಂಪ್ಯೂಟರಿನ ಮುಂದೆ ಕೂತಾಗಲೂ ಹೊರಗಿನ ಗಾಳಿ ಯಾವ ದಿಕ್ಕಿನದೆಂದು ನೋಡುತ್ತಿದ್ದರು. ಅವರ ಚಿಂತೆಯೆಲ್ಲ ಮಗಳು ಅಕ್ಷತಾಳದು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲೇ ಉತ್ತರಿಸುವ ಐದು ವರ್ಷದ ಹುಡುಗಿ. ಕಿಂಡರ್‌ಗಾರ್ಟನ್‌ನಲ್ಲಿ ಮೀನಿನ ಚಿತ್ರ ಬರಿ ಎಂದರೆ ಉದ್ದನೆಯ ಚೌಕ ಬರೆದು ಹಳದಿ ಬಣ್ಣ ತುಂಬಿದ್ದಳು. ಅವಳು ತಿಂದಿದ್ದ ಮೀನು ಬ್ರೆಡ್ಡಿನ ಪುಡಿ ಹಚ್ಚಿ ಕರಿದ ಫಿಶ್ ಫಿಂಗರ್ ಒಂದೇ. ಭಾಸ್ಕರಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. “ನನ್ನ ಅಪ್ಪ ಇದನ್ನು ನೋಡಿದ್ರೆ ದೋಣಿ ಮಾರಿ ಸನ್ಯಾಸಿ ಆಗ್ತಿದ್ರು” ಎಂದರು.

ಹಾಗೆ ಮಗಳಿಗೆ ಇಡೀ ಮೀನು ತೋರಿಸಲೆಂದು ಹೊರಟಿದ್ದು ಐರ್ಲೆಂಡಿನ ಪ್ರವಾಸ. ಅಲ್ಲಿ ಕಡಲತಡಿಯ ಒಂದು ಸಣ್ಣ ಊರಲ್ಲಿ ಬಂಗುಡೆ ಮೀನು ರಾಶಿ ಬೀಳುತ್ತದೆಂದು ಎಲ್ಲೋ ಓದಿದ್ದರು. ನಮ್ಮ ಜರ್ಮನ್ ವೀಸಾ ಅಲ್ಲಿ ನಡೆಯುವುದಿಲ್ಲವೆಂದು ಬೇರೆ ಅರ್ಜಿ ಹಾಕಬೇಕಾಯಿತು. ‘ಪ್ರವಾಸದ ಉದ್ದೇಶ’ ಎಂಬಲ್ಲಿ ಅವರು ಮೀನು ಎಂದೇ ಬರೆದಿದ್ದರು. ಹೆಂಡತಿ ಶೋಭಕ್ಕ ಬೈದು ಆ ಪದವನ್ನು ಹೊಡೆದುಹಾಕಿಸಿದರು. ಕಾರು ಓಡಿಸಲು ನಾನೂ ಜತೆಗಿದ್ದೆ. ಮನೆಯಲ್ಲೇ ರುಬ್ಬಿ ಸೂಟ್‌ಕೇಸಿನಲ್ಲಿಟ್ಟಿದ್ದ ಮಸಾಲೆಯ ಡಬ್ಬಿ ದಾರಿಯಲ್ಲಿ ಬಾಯ್ಬಿಟ್ಟು ಬಿಳಿ ಅಂಗಿಗಳೆಲ್ಲ ಕೆಂಪಾದವು. “ಅಂಗಿ ಹೋಗ್ಲಿ, ಮಸಾಲೆ ಎಷ್ಟು ಉಂಟು ನೋಡು” ಎಂದರು ಭಾಸ್ಕರಣ್ಣ. ಶೋಭಕ್ಕ ಅಂಗಿಗಳ ಮೇಲಿನದನ್ನು ಚಮಚದಲ್ಲಿ ಬಳಿದರು.

ಮಾರನೆಯ ಬೆಳಿಗ್ಗೆ ಬಂದರಿಗೆ ಹೋದರೆ, ಒಬ್ಬ ಮುದುಕ ಹೊಳೆಯುವ ಬಂಗುಡೆಗಳನ್ನು ತುಂಡರಿಸಿ ಏಡಿ ಹಿಡಿಯುವ ಬುಟ್ಟಿಗಳಿಗೆ ತುರುಕುತ್ತಿದ್ದ. “ಏಡಿಗೆ ಬಂಗುಡೆ ಊಟ, ನಮಗೆ ಪೆಟ್ಟಿಗೆ ಮೀನು! ಎಂತ ಅನ್ಯಾಯ ಮಾರಾಯ!” ಎಂದು ಭಾಸ್ಕರಣ್ಣ ಕನ್ನಡದಲ್ಲೇ ಕೂಗಿದರು. ಮುದುಕನಿಗೆ ಏನು ಅರ್ಥವಾಯಿತೋ, ಬಕೆಟ್ಟನ್ನೇ ಮುಂದಿಟ್ಟ. ಭಾಸ್ಕರಣ್ಣ ಮಂಡಿಯೂರಿ, ಒಂದು ಮೀನೆತ್ತಿ ಮಗಳೆದುರು ಅದರ ಕೆನ್ನೆ ಬಿಡಿಸಿ ತೋರಿಸಿದರು. “ನೋಡು ಮಗಳೇ, ಇದು ಕಿವಿರು. ಕೆಂಪಿದ್ರೆ ತಾಜಾ. ಕಪ್ಪಾದ್ರೆ ಮುಟ್ಟಬೇಡ.” ಹುಡುಗಿ ಮೀನಿನ ಕಣ್ಣು ನೋಡಿ ಕಿಟಾರನೆ ಕಿರುಚಿ ಕಾರಿಗೆ ಓಡಿದಳು. ಬಾಡಿಗೆ ಮನೆಯಲ್ಲಿ ಹುರಿದ ಮೇಲೂ ಮುಟ್ಟಲಿಲ್ಲ. ಆಲೂಗಡ್ಡೆ ಚಿಪ್ಸ್ ತಿಂದಳು. ಭಾಸ್ಕರಣ್ಣ ಹನ್ನೊಂದು ಬಂಗುಡೆಯನ್ನು ಒಬ್ಬರೇ ತಿಂದರು. ನನಗೆ ನಿಜಕ್ಕೂ ಸಂಕಟವಾಯಿತು.

ಮರುವರ್ಷ ಕಂಪನಿ ಮುಚ್ಚಿತು. ನನಗೆ ಬೇರೆ ಕೆಲಸ ಸಿಕ್ಕಿತು, ಅವರಿಗೆ ಸಿಗಲಿಲ್ಲ. ಅವರೆಲ್ಲ ಊರಿಗೆ ಹೊರಟ ದಿನ, ಮೀನು ಮುಟ್ಟದ ನಾನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹುಡುಗಿಗೆಂದು ಫಿಶ್ ಫಿಂಗರ್ ಕರಿದು ಡಬ್ಬಿ ತುಂಬಿಸಿ ಸ್ಟೇಷನ್ನಿಗೆ ಒಯ್ದಿದ್ದೆ. ಅಕ್ಷತಾ ಮುಚ್ಚಳ ತೆಗೆದಳು. ಒಂದು ತುಂಡೆತ್ತಿ ಆಚೆ ಈಚೆ ತಿರುಗಿಸಿ, ಬಗ್ಗಿ ನೋಡಿದಳು.

“ಅಂಕಲ್, ಇದರ ಕಿವಿರು ಎಲ್ಲಿ?” ಎಂದು ಕನ್ನಡದಲ್ಲೇ ಕೇಳಿದಳು.

ಭಾಸ್ಕರಣ್ಣ ಮಗಳನ್ನು ಬಾಚಿ ಎತ್ತಿಕೊಂಡು ರೈಲು ಹತ್ತಿದರು. ನನಗೆ ಕೈ ಬೀಸುವುದನ್ನೂ ಮರೆತರು. ಡಬ್ಬಿ ನನ್ನ ಕೈಯಲ್ಲೇ ಉಳಿಯಿತು.