ಆಳಂದದ ಪಡಸಾಲೆಯಲ್ಲಿ ಹೀಬ್ರೂ ಗ್ರಂಥಗಳು

ಆಳಂದದಲ್ಲಿ ನಮ್ಮದೊಂದು ಹೆಂಗಸರ ಬಳಗವಿದೆ. ತಿಂಗಳಿಗೊಮ್ಮೆ, ಮಧ್ಯಾಹ್ನದ ಊಟ ಮುಗಿದು ಪಾತ್ರೆಗಳನ್ನು ಬೋರಲು ಹಾಕಿದ ಮೇಲೆ, ಯಾರಾದರೂ ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಮೊದಲು ಒಂದೆರಡು ವಚನ ಹಾಡುವುದು, ಆಮೇಲೆ ಒಬ್ಬಳು ಎದ್ದು ಯಾವುದಾದರೊಂದು ಗ್ರಂಥದ ಪರಿಚಯ ಮಾಡುವುದು. ನೋಡಿಕೊಂಡು ಓದುವಂತಿಲ್ಲ, ಬಾಯಿಂದಲೇ ಹೇಳಬೇಕು. ಈ ನಿಯಮ ಮಾಡಿದವರು ಒಬ್ಬ ನಿವೃತ್ತ ಶಿಕ್ಷಕಿ. ಊರಿಗೆಲ್ಲ ಅವರು ಅಕ್ಕೋರು.

ಬಳಗ ಸೇರಿದಂದಿನಿಂದ ನಾನು ನನ್ನ ಸರದಿಯನ್ನು ತಪ್ಪಿಸಿಕೊಳ್ಳುತ್ತಲೇ ಬಂದಿದ್ದೆ. ನನ್ನ ತವರು ಜೇವರ್ಗಿ. ಓದಿದ್ದು ಕಲಬುರಗಿಯ ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಅಲ್ಲಿ ಗದ್ದಲವಾದರೆ ಸಾಕು, ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂರಿಸುತ್ತಿದ್ದರು. ಉಳಿದ ಹುಡುಗಿಯರು ಶಾಲೆ ಬಿಟ್ಟ ದಿನವೇ ಬೆರಳು ತೆಗೆದರು. ನನ್ನದು ಇನ್ನೂ ಪೂರ್ತಿ ಇಳಿದಿರಲಿಲ್ಲ ಅಂತ ಕಾಣುತ್ತದೆ.

ಹೋದ ಚಳಿಗಾಲದಲ್ಲಿ ಅಕ್ಕೋರು, ಈ ಸಲ ಬೇರೆ ಬೇರೆ ಧರ್ಮದವರ ಗ್ರಂಥಗಳನ್ನು ತಿಳಿದುಕೊಳ್ಳೋಣ ಎಂದು ನಿರ್ಧರಿಸಿದರು. ಎಲ್ಲರಿಗೂ ಒಂದೊಂದು ಹಂಚಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ನೀವು ಕಾನ್ವೆಂಟದಾಗ ಕಲ್ತವರು. ಯೆಹೂದ್ಯರ ಗ್ರಂಥ ನಿಮಗ ಇರ್ಲಿ. ಹೀಬ್ರೂ ಭಾಷಾದಾಗ ಅದಾವಲ್ಲ, ಅವು."

ನಾನು ಹೂಂ ಅನ್ನುವ ಮೊದಲೇ ಪಕ್ಕದಲ್ಲಿದ್ದ ನಮ್ಮ ಅತ್ತೆ ನಕ್ಕರು.

"ಅಕ್ಕೋರೆ, ನಮ್ಮಾಕಿಗಿ ಮಾತು ಎಲ್ಲಿ ಬರ್ತಾವ್ರಿ? ಕರದ್ರ ಹೂಂ, ಕೇಳಿದ್ರ ಹೂಂ. ಪಾಪ, ಆಕಿನ್ನ ಬಿಟ್ಟಬಿಡ್ರಿ."

ಅದರಲ್ಲಿ ಕುಹಕವಿರಲಿಲ್ಲ. ನನ್ನನ್ನು ಕಾಪಾಡುತ್ತಿದ್ದೇನೆ ಎಂದೇ ಅವರು ಹೇಳಿದ್ದು. ನಮ್ಮಿಬ್ಬರ ನಡುವೆ ಎಂದೂ ಜಗಳವಾಗಿಲ್ಲ. ಆದರೆ ಮಾತುಕತೆಯೂ ಇರಲಿಲ್ಲ. ಅವರು ಮಾದನಹಿಪ್ಪರಗಾದ ದೊಡ್ಡ ಒಕ್ಕಲುತನದ ಮನೆಯಲ್ಲಿ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿ ಬೆಳೆದವರು. ನಾನೋ ಪಿಸುಗುಟ್ಟುವವಳು. ಅವರು ಹೇಳುವುದು, ನಾನು ಕೇಳುವುದು, ಹೀಗೇ ವರ್ಷಗಳು ಸರಿದಿದ್ದವು. ಒಂದೇ ಒಂದು ಸಲ ಅವರು ಕೂತು ನನ್ನ ಮಾತನ್ನು ಕೊನೆತನಕ ಕೇಳಬೇಕು ಎಂದು ಆ ಹೊತ್ತು ನನಗೆ ಅನ್ನಿಸಿಬಿಟ್ಟಿತು. ಅದು ಸುಲಭದ ಆಸೆಯಾಗಿರಲಿಲ್ಲ. ಬೇಸರ ತರುವ ಪ್ರವಚನ ಯಾರದೇ ಇರಲಿ, ನಮ್ಮ ಅತ್ತೆ "ನಳ ಬರೋ ಹೊತ್ತಾತು" ಎಂದು ಎದ್ದುಬಿಡುತ್ತಾರೆ. ನಮ್ಮ ಓಣಿಯ ನಳದಲ್ಲಿ ನೀರು ಬರುವುದು ಬೆಳಿಗ್ಗೆ ಎಂಬುದು ಎಲ್ಲರಿಗೂ ಗೊತ್ತು.

"ಮಾಡ್ತೇನ್ರಿ ಅಕ್ಕೋರೆ," ಎಂದೆ. ಅತ್ತೆ ನನ್ನ ಕಡೆ ತಿರುಗಿ ನೋಡಿದರು.

ನನಗೆ ಗೊತ್ತಿದ್ದದ್ದು ಮಾರಲ್ ಸೈನ್ಸ್ ಕ್ಲಾಸಿನ ಕಥೆಗಳಷ್ಟೇ. ಬುಟ್ಟಿಯಲ್ಲಿ ಹೊಳೆಗೆ ಬಿಟ್ಟ ಕೂಸು, ಮೀನಿನ ಹೊಟ್ಟೆಯಲ್ಲಿ ಕೂತ ಪ್ರವಾದಿ. ಹಾಗಾಗಿ ನಮಗೆ ಕಲಿಸಿದ ಸಿಸ್ಟರ್ ಒಬ್ಬರಿಗೆ ಫೋನ್ ಮಾಡಿದೆ. ಈಗ ಅವರಿಗೆ ತುಂಬಾ ವಯಸ್ಸಾಗಿದೆ. ಮಂಗಳೂರಿನ ಕಡೆಯವರು, ಕನ್ನಡವನ್ನು ಇಸ್ತ್ರಿ ಹಾಕಿದ ಹಾಗೆ ಮಾತಾಡುತ್ತಾರೆ.

"ಮೊದಲು ಒಂದು ಮಾತು ನೆನಪಿಟ್ಟುಕೊ, ಮಗಳೇ," ಎಂದರು. "ನಾವು ಕ್ರೈಸ್ತರು ಅದನ್ನು ಬೈಬಲ್ಲಿನ ಹಳೆಯ ಒಡಂಬಡಿಕೆ ಎನ್ನುತ್ತೇವೆ. ಯೆಹೂದ್ಯರಿಗೆ ಅದು ಹಳೆಯದಲ್ಲ. ಅವರಿಗಿರುವುದು ಅದೊಂದೇ. ಇನ್ನೊಬ್ಬರ ಮನೆಯ ಪರಿಚಯ ಮಾಡುವಾಗ ಅವರ ಬಾಗಿಲಿನಿಂದಲೇ ಒಳಗೆ ಹೋಗಬೇಕು."

ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿದ್ದನ್ನೂ ಅಡುಗೆ ಮಾಡುತ್ತ ಬಾಯಿಪಾಠ ಮಾಡಿದೆ. ರೊಟ್ಟಿ ಬಡಿಯುವ ಸದ್ದಿನಲ್ಲಿ ನನ್ನ ಗೊಣಗಾಟ ಯಾರಿಗೂ ಕೇಳಿಸುತ್ತಿರಲಿಲ್ಲ.

ಎಳ್ಳಮಾವಾಸ್ಯೆ ಕಳೆದು ಬಂದ ಭಾನುವಾರ ಅಕ್ಕೋರ ಮನೆಯಲ್ಲೇ ಸೇರಿದೆವು. ಪಡಸಾಲೆಯ ನಡುವೆ ಹಸಿ ತೊಗರಿಕಾಯಿ ರಾಶಿ ಹಾಕಿದ್ದರು. ನಮ್ಮ ಕಡೆ ಹೆಂಗಸರು ಬರಿಗೈಯಲ್ಲಿ ಕೂತು ಏನನ್ನೂ ಕೇಳುವುದಿಲ್ಲ. ಅತ್ತೆ ಮುಂದಿನ ಸಾಲಿನಲ್ಲಿ ಗೋಡೆಗೆ ಒರಗಿ, ಸೆರಗಿನಲ್ಲಿ ಕಾಯಿ ತುಂಬಿಕೊಂಡು ಕೂತರು. ಅವರ ಪಕ್ಕದಲ್ಲಿ ಅಫಜಲಪುರ ತಾಲೂಕಿನ ಮಣ್ಣೂರಿನಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಹಿರಿಯ ರೈತ ಹೆಂಗಸು. ನಾವೆಲ್ಲ ಅವರನ್ನು ದೊಡ್ಡವ್ವ ಎಂದೆವು.

ನಾನು ಎದ್ದು ನಿಂತು ಕೈ ಕಟ್ಟಿಕೊಂಡೆ. ಬಾಯಿಂದ ಬಂದದ್ದು ಹೀಗೆ: "ಹೀಬ್ರೂ ಧರ್ಮಗ್ರಂಥಗಳನ್ನು ಮೂರು ವಿಭಾಗಗಳಾಗಿ ವಿಂಗಡಿಸಲಾಗಿದೆ. ಅವುಗಳ ಒಟ್ಟು ಸಂಖ್ಯೆ ಇಪ್ಪತ್ತನಾಲ್ಕು."

ಪರೀಕ್ಷೆಯ ಉತ್ತರದಂತಿತ್ತು. ಮೊದಲ ವಿಭಾಗ ಧರ್ಮೋಪದೇಶ, ಅದರಲ್ಲಿ ಐದು ಪುಸ್ತಕ. ಎರಡನೆಯದು ಪ್ರವಾದಿಗಳದ್ದು, ಅದರಲ್ಲಿ ಹನ್ನೆರಡು ಸಣ್ಣ ಪುಸ್ತಕಗಳನ್ನು ಕಟ್ಟಿ ಒಂದೇ ಎಂದು ಲೆಕ್ಕ ಹಿಡಿಯುತ್ತಾರೆ. ಮೂರನೆಯದು ಇತರ ಬರಹಗಳು. ಒಪ್ಪಿಸುತ್ತ ಹೋದೆ. ತೊಗರಿ ಸುಲಿಯುವ ಸದ್ದು ಜೋರಾಯಿತು. ಅಕ್ಕೋರು ಮಾತ್ರ ಕರ್ತವ್ಯವೆಂಬಂತೆ ತಲೆಯಾಡಿಸುತ್ತಿದ್ದರು. ಹೊಳೆಯ ಕೂಸಿನ ಕಥೆ ಬಂದಾಗ ದೊಡ್ಡವ್ವ ಸ್ವಲ್ಪ ಎಚ್ಚರಾದರು.

"ಬುಟ್ಟಿ ತೇಲಿಬಿಟ್ಳಾ? ನಮ್ಮ ಭೀಮಾ ಹೊಳ್ಯಾಗ ಬಿಟ್ಟಿದ್ರ ಮಸಳಿ ಇದ್ವು ನೋಡವ್ವ."

"ಅಲ್ಲೂ ಇದ್ದಿರಬಹುದ್ರಿ," ಎಂದು ನಾನು ಮತ್ತೆ ವಿಭಾಗಕ್ಕೆ ಮರಳಿದೆ. ಎಂಥ ತಪ್ಪು! ಅವರ ಕಣ್ಣು ಮತ್ತೆ ತೊಗರಿಗೆ ಇಳಿಯಿತು. ಅತ್ತೆ ಸೆರಗು ಕೊಡವಿಕೊಂಡರು. ಒಂದು ಕೈ ನೆಲಕ್ಕೆ ಊರಿದರು.

"ನಳ ಬರೋ ಹೊತ್ತಾತು," ಎಂದರು.

ಅಷ್ಟರಲ್ಲಿ ದೊಡ್ಡವ್ವ, ನನ್ನ ಮೇಲೆ ಕನಿಕರದಿಂದಲೇ ಇರಬೇಕು, ಒಂದು ಪ್ರಶ್ನೆ ಎಸೆದರು. "ಅದೆಲ್ಲಾ ಇರ್ಲಿ ಬೇ. ಆ ಮಂದಿ ದೇವರ ಹೆಸರೇನು?"

"ಹೆಸರು ಬರದಾರ್ರಿ ದೊಡ್ಡವ್ವ. ನಾಲ್ಕೇ ಅಕ್ಷರ. ಆದ್ರ ಯಾರೂ ಬಾಯಿಲೆ ಹೇಳಂಗಿಲ್ಲ. ಓದೋ ಮುಂದ ಆ ಅಕ್ಷರ ಬಂತಂದ್ರ, ಅದರ ಬದ್ಲಿ 'ನನ್ನ ಒಡೆಯ' ಅಂತಾರ."

ನನಗೇ ಗೊತ್ತಿಲ್ಲದಂತೆ ನಾನು ಅಡುಗೆಮನೆಯ ಮಾತಿಗೆ ಇಳಿದಿದ್ದೆ. ದೊಡ್ಡವ್ವನ ಕೈಯ ಕಾಯಿ ಅಲ್ಲೇ ನಿಂತಿತು.

"ಹೇಳಂಗಿಲ್ಲಾ? ಗೊತ್ತಿದ್ರೂ?"

"ಗೊತ್ತಿದ್ರೂ ಹೇಳಂಗಿಲ್ರಿ. ಮರ್ಯಾದಿ."

"ಯವ್ವಾ! ನಾವು ಯಜಮಾನ್ರ ಹೆಸರು ಹೇಳದಂಗ!"

ಪಡಸಾಲೆಯಲ್ಲಿ ನಗೆ ಎದ್ದಿತು. ನಮ್ಮ ಕಡೆ ಹಿರಿಯ ಹೆಂಗಸರು ಇವತ್ತಿಗೂ ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಬಲವಂತ ಮಾಡಿದರೆ ಒಡಪು ಹೇಳಿ, ಪ್ರಾಸದ ಸಾಲಿನೊಳಗೆ ಹೆಸರನ್ನು ಅಡಗಿಸಿ ಓಡಿಸಿಬಿಡುತ್ತಾರೆ. ಎದ್ದಿದ್ದ ನಮ್ಮ ಅತ್ತೆ ಗೋಡೆ ಹಿಡಿದು ಮತ್ತೆ ಕೂತರು.

"ನನಗ ಏನಾಗಿತ್ತು ಗೊತ್ತೇನು?" ಎಂದು ಅವರೇ ಶುರು ಮಾಡಿದರು. "ಜ್ವರ ಬಂದು ದವಾಖಾನಿಗಿ ಹೋಗಿದ್ದೆ. ಚೀಟಿ ಬರ್ಯಾಂವ ಗಂಡನ ಹೆಸರು ಕೇಳಿದ. ಗ್ವಾಡಿಗಿ ಕ್ಯಾಲೆಂಡರ್ ಇತ್ತು, ಅದರಾಗ ನಮ್ಮವರ ಹೆಸರಿನ ದೇವ್ರು. ಬೊಟ್ಟು ಮಾಡಿ ತೋರಿಸಿದೆ. ಆ ಹಾಟ್ಯಾ ದೇವ್ರ ಕೆಳಗ ಬರದಿದ್ದ ಅಂಗಡಿ ಹೆಸರು ಓದಿ ಬರ್ಕೊಂಡ! ಆಮ್ಯಾಲ ಡಾಕ್ಟರು ಕರಿಯಾಕತ್ತಾರ, 'ಕಿರಾಣಿ ಅಂಗಡಿಯವರ ಮನಿಯವರು ಯಾರು' ಅಂತ. ನಾ ಸುಮ್ಮ ಕೂತೇನಿ. ಯಾವಾಕಿ ಇದ್ದಾಳೋ ಪಾಪ, ಜಲ್ದಿ ಬರವಲ್ಲಳಲ್ಲ ಅನಕೋತ!"

ಒಬ್ಬಳು ನಕ್ಕು ನಕ್ಕು ತೊಗರಿ ಬುಟ್ಟಿಯನ್ನೇ ಉರುಳಿಸಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಕಥೆ ನನಗೆ ಗೊತ್ತಿರಲಿಲ್ಲ. ನನ್ನ ಸರದಿ ಮುಗಿದೇಹೋಯಿತು ಎಂದುಕೊಂಡೆ. ಇನ್ನು ಪ್ರತಿಯೊಬ್ಬಳೂ ತನ್ನ ಗಂಡನ ಹೆಸರಿನ ಕಥೆ ತೆಗೆಯುತ್ತಾಳೆ. ತೆಗೆದರೂ ಕೂಡ. ಹಿಂದಿನ ಸಾಲಿನಿಂದ ಒಬ್ಬಳು ಒಡಪು ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

"ಏ, ಸುಮ್ಮ ಕೂಡ್ರಿ ಬೇ ಎಲ್ಲಾರೂ," ಎಂದು ನಮ್ಮ ಅತ್ತೆ ಹೊಲದ ದನಿ ತೆಗೆದರು. "ಆಕಿ ಹೇಳಾಕತ್ತಾಳ. ಮುಂದ ಹೇಳು."

ಮುಂದೆ ಹೇಳು! ನಾನು ಕಟ್ಟಿದ ಕೈ ಬಿಚ್ಚಿ, ಅವರ ಎದುರು ನೆಲದ ಮೇಲೆ ಕೂತೆ. ನಾಲ್ಕು ಕಾಯಿ ಕೈಗೆ ತೆಗೆದುಕೊಂಡೆ. ಸುಲಿಯುತ್ತ ಹೇಳುವುದು ಎಷ್ಟು ಹಗುರ!

ಅವರ ಮೊದಲ ಐದು ಪುಸ್ತಕಗಳಿಗೆ ಹೀಬ್ರೂವಿನಲ್ಲಿ ಯಾರೂ ಬೇರೆ ಹೆಸರಿಟ್ಟಿಲ್ಲ, ಆರಂಭದ ಮಾತನ್ನೇ ಹಿಡಿದು ಕರೆಯುತ್ತಾರೆ ಎಂದೆ. ಒಂದು 'ಆದಿಯಲ್ಲಿ', ಇನ್ನೊಂದು 'ಅರಣ್ಯದಲ್ಲಿ'. ನಾವು ವಚನವನ್ನು ಮೊದಲ ಸಾಲಿನಿಂದ ಗುರುತಿಸುವ ಹಾಗೆ. ಆ ಐದನ್ನು ಇವತ್ತಿಗೂ ಚರ್ಮದ ಸುರುಳಿಯ ಮೇಲೆ ಕೈಯಿಂದಲೇ ಬರೆಯುತ್ತಾರೆ, ಓದುವಾಗ ಅಕ್ಷರಕ್ಕೆ ಬೆರಳು ತಾಗಿಸದೆ ಸಣ್ಣ ಕಡ್ಡಿಯಿಂದ ಸಾಲು ತೋರಿಸುತ್ತಾರೆ ಎಂದೆ. ದೊಡ್ಡವ್ವ ತಮ್ಮ ಮಣ್ಣಾದ ಬೆರಳುಗಳನ್ನು ನೋಡಿಕೊಂಡು "ಬರಾಬರಿ" ಎಂದರು. ಪ್ರವಾದಿಗಳೆಂದರೆ ಬರೀ ಭವಿಷ್ಯ ಹೇಳುವವರಲ್ಲ, ರಾಜನ ಎದುರು ನಿಂತು "ನೀ ಮಾಡಿದ್ದು ತಪ್ಪು" ಎನ್ನುವವರು ಎಂದಾಗ ಅಕ್ಕೋರು ಈ ಸಲ ನಿಜವಾಗಿ ತಲೆಯಾಡಿಸಿದರು. ಮೂರನೆಯ ಭಾಗದ ಕೆಲವು ಹಾಡುಗಳ ಸಾಲುಗಳು, ಸಾಲಿಗೊಂದು ಅಕ್ಷರದಂತೆ, ಅಕ್ಷರಮಾಲೆಯ ಕ್ರಮದಲ್ಲೇ ಶುರುವಾಗುತ್ತವೆ ಎಂದೆ.

"ಹಂಗಾದ್ರ ಅವರೂ ಒಡಪು ಕಟ್ಟೋ ಮಂದಿನ," ಎಂದರು ದೊಡ್ಡವ್ವ.

ಇನ್ನೊಂದು ಪುಸ್ತಕ, ಒಬ್ಬ ರಾಣಿ ತನ್ನ ಜನರನ್ನು ಉಳಿಸಿದ್ದು. ಅದರಲ್ಲಿ ಆರಂಭದಿಂದ ಕೊನೆತನಕ ದೇವರ ಹೆಸರೇ ಇಲ್ಲ ಎಂದೆ. ಒಬ್ಬಳು, "ದೇವ್ರ ಇಲ್ಲದ ದೇವ್ರ ಪುಸ್ತಕೇನ್ರಿ ಅದು?" ಎಂದು ಕೇಳಿದಳು.

ಉತ್ತರ ಕೊಟ್ಟವರು ಅತ್ತೆ.

"ನಾ ಹೆಸರು ಹೇಳಂಗಿಲ್ಲ ಅಂದ್ರ ನಮ್ಮವರು ಮನ್ಯಾಗ ಇಲ್ಲಂತೇನು? ಈಗೂ ಮಲ್ಕೊಂಡಾರ, ಹೋಗಿ ನೋಡು."

ಕೊನೆಗೆ ಅತ್ತೆ ಸೊಸೆಯರ ಪುಸ್ತಕ ತೆಗೆದೆ. ಅದು ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ಬರಗಾಲ ಬಿದ್ದು ಬೇರೆ ದೇಶಕ್ಕೆ ಹೋದ ಹೆಂಗಸು, ಅಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ತನ್ನೂರಿಗೆ ಹೊರಡುತ್ತಾಳೆ. ನಿಮ್ಮ ನಿಮ್ಮ ತವರಿಗೆ ಹೋಗಿರಿ ಎಂದು ಸೊಸೆಯರಿಗೆ ಹೇಳುತ್ತಾಳೆ. ಒಬ್ಬಳು ಅತ್ತು, ಮುದ್ದಿಟ್ಟು ಹಿಂತಿರುಗುತ್ತಾಳೆ. ಇನ್ನೊಬ್ಬಳು ಅತ್ತೆಯ ಜೊತೆಗೇ ಹೋಗಿ, ಕೊಯ್ದ ಹೊಲದಲ್ಲಿ ಬಿದ್ದ ತೆನೆ ಆರಿಸಿ ಅವಳನ್ನು ಸಾಕುತ್ತಾಳೆ. ಆ ಹೊಲದವನೇ ಅವಳನ್ನು ಮದುವೆಯಾಗುತ್ತಾನೆ. ಅವಳ ವಂಶದಲ್ಲಿ ಮುಂದೆ ರಾಜ ಹುಟ್ಟುತ್ತಾನೆ.

ಸುಲಿಯುವ ಸದ್ದು ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ.

"ಮತ್ತ ಹಿಂದಕ್ಕ ಹೋದಾಕಿ? ಆಕಿ ಏನಾದ್ಳು?" ಅತ್ತೆ ಕೇಳಿದರು.

"ಅದು ಬರದಿಲ್ರಿ ಅತ್ತಿ."

"ಬರದಿಲ್ಲಾ?" ಅವರಿಗೆ ನಿಜವಾಗಿಯೂ ಸಿಟ್ಟು ಬಂತು. "ಆಕೀನೂ ಅತ್ತಿ ಮಾತು ಕೇಳಿಯೇ ಹೋದಾಕಿ ಅಲ್ಲೇನು? ಹೋಗು ಅಂದ್ರ ಹೋದ್ಳು. ಅದರಾಗ ಆಕೀದೇನು ತಪ್ಪು?"

"ಹೋಗು ಅಂದ್ರ ಹೋಗೋದೇನು? ಬಾಯಿಲೆ ಹೋಗು ಅಂತಾರ, ಮನಸ್ನ್ಯಾಗ ಇರು ಅಂತಿರ್ತದ," ಎಂದರು ದೊಡ್ಡವ್ವ.

"ಮನಸ್ನ್ಯಾಗಿಂದು ಸೊಸಿಗಿ ಹ್ಯಾಂಗ ತಿಳೀಬೇಕು? ಬಾಯಿ ಬಿಟ್ಟು ಹೇಳ್ಬೇಕಿಲ್ಲೋ?"

ಪಡಸಾಲೆ ಎರಡು ಪಾಲಾಯಿತು. ಹೋದವಳ ಕಡೆ ಕೆಲವರು, ಉಳಿದವಳ ಕಡೆ ಕೆಲವರು. ಅಕ್ಕೋರು ಎದ್ದು ವಂದನೆ ಹೇಳಿದ್ದು ನನಗೊಬ್ಬಳಿಗೇ ಕೇಳಿಸಿತು.

ಮನೆಗೆ ನಡೆಯುವಾಗ ಬಿಸಿಲು ತಗ್ಗಿತ್ತು. ಅತ್ತೆಯ ಸೆರಗಿಗೆ ತೊಗರಿ ಸಿಪ್ಪೆ ಅಂಟಿಕೊಂಡಿತ್ತು. ಅವರು ಇನ್ನೂ ಆ ಸೊಸೆಯನ್ನು ಬಿಟ್ಟಿರಲಿಲ್ಲ.

"ಆಕಿ ತವರಿಗಿ ಹೋಗಿ ಆರಾಮ ಇದ್ದಳು ತಗೋ," ಎಂದರು. "ಅಪ್ಪ ಛೊಲೊ ಮನಿ ನೋಡಿ ಮತ್ತ ಮದಿವಿ ಮಾಡಿದ. ಹೊಲ ಇತ್ತು, ಎರಡು ಆಕಳ ಇದ್ವು. ಹಬ್ಬ ಬಂತಂದ್ರ ಹಳೇ ಅತ್ತೀನ ನೆನಸ್ತಿದ್ದಳು." ಎರಡು ಹೆಜ್ಜೆ ನಡೆದು ನಿಂತರು. ನನ್ನ ಮುಖ ನೋಡಿದರು. "ಹೌದಿಲ್ಲೋ? ನೀ ಏನಂತಿ?"

ನೀ ಏನಂತಿ ಎಂದು ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ಹೂಂ ಎಂದರೆ ಮುಗಿದುಹೋಗುತ್ತಿತ್ತು. ಹೂಂ ತುದಿನಾಲಿಗೆಗೆ ಬಂದೂ ಇತ್ತು.

"ಇಲ್ರಿ ಅತ್ತಿ," ಎಂದೆ. "ಆಕಳ ಎರಡೇ ಖರೆ. ಆದ್ರ ಒಂದು ಎಮ್ಮೀನೂ ಇತ್ತು."

ಅತ್ತೆ ಯೋಚಿಸಿದರು. "ಎಮ್ಮಿ ಹಾಲು ಎಷ್ಟು ಕೊಡ್ತಿತ್ತು?" ಎಂದು ಕೇಳಿದರು. ನಾನು ಹೇಳತೊಡಗಿದೆ.