ಗೇಣಿನಾಚೆ ಕಾಣದ ಸಂಸಾರ

ನಮ್ಮ ಮಲಗುವ ಕೋಣೆಯ ಗೋಡೆಯಲ್ಲಿ ಒಂದು ಗೂಡಿದೆ. ಹಿಂದೆ ಅದರಲ್ಲಿ ಚಿಮಣಿ ದೀಪ ಇಡುತ್ತಿದ್ದರಂತೆ. ನಾನು ಸೊಸೆಯಾಗಿ ಬಂದ ಮೇಲೆ ಅಲ್ಲಿ ಎರಡು ಕನ್ನಡಕಗಳು ಅಕ್ಕಪಕ್ಕ ಮಲಗತೊಡಗಿದವು. ಎರಡಕ್ಕೂ ಕಪ್ಪು ಚೌಕಟ್ಟು, ಎರಡಕ್ಕೂ ಬಾಟಲಿಯ ತಳದಂಥ ಗಾಜು. ಬೆಳಿಗ್ಗೆ ಎದ್ದು, ತಡವಿದಾಗ ಕೈಗೆ ಸಿಕ್ಕಿದ್ದನ್ನು ಏರಿಸಿಕೊಂಡು ಹೊರಟು, ಹಿತ್ತಲ ಮೆಟ್ಟಿಲು ಇರಬೇಕಾದಲ್ಲಿ ಇಲ್ಲದಿರುವುದನ್ನು ಕಂಡು, ಅಯ್ಯ, ಇದು ನಮ್ಮವರದು ಎಂದು ತಿರುಗಿ ಬರುವುದು ನನ್ನ ದಿನಚರಿಯ ಮೊದಲ ಬಾಬತ್ತಾಗಿತ್ತು.

ಇಂಥ ಇಬ್ಬರು ಹೇಗೆ ಜೊತೆಯಾದರೆಂದು ನೀವು ಕೇಳಬಹುದು. ಎಂಬತ್ತರ ದಶಕದ ಆರಂಭದಲ್ಲಿ ಅಥಣಿಯ ನಮ್ಮ ಮನೆಗೆ ಕಾಗವಾಡದಿಂದ ಹೆಣ್ಣು ನೋಡಲು ಬಂದರು. ಹುಡುಗಿಗೆ ಕನ್ನಡಕವಿದೆಯೆಂದರೆ ಚಹಾ ಕುಡಿದು ಎದ್ದು ಹೋಗುತ್ತಿದ್ದ ಕಾಲ ಅದು. ಅವ್ವ ನನ್ನದನ್ನು ಕಿತ್ತು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟು, “ನೆಲಾ ನೋಡಕೋತ ಹೋಗು, ನಾಚ್ಕೊಂಡಾಳಂತ ತಿಳಕೋತಾರ” ಎಂದಳು. ಅತ್ತ ವರನ ಅಕ್ಕನೂ ಊರು ಬಿಡುವ ಮೊದಲೇ ತಮ್ಮನ ಕನ್ನಡಕವನ್ನು ಅವನ ಕೋಟಿನ ಕಿಸೆಗೆ ಇಳಿಸಿದ್ದಳೆಂದು ನಮಗೆ ಹೇಗೆ ಗೊತ್ತಾಗಬೇಕು! ನನಗೆ ಗಾದಿಯ ಮೇಲೊಂದು ಬಿಳಿ ಮಬ್ಬು ಕಂಡಿತು, ಅವರಿಗೆ ಬಾಗಿಲಲ್ಲೊಂದು ಹಸಿರು ಮಬ್ಬು. ಮಬ್ಬು ಮಬ್ಬನ್ನು ಒಪ್ಪಿತು. ಮದುವೆಯ ದಿನ ನಮ್ಮಿಬ್ಬರ ನಡುವಿನ ಅಂತರಪಾಟದ ಬಟ್ಟೆ ಸರಿದು ಎಲ್ಲರೂ ಅಕ್ಕಿಕಾಳು ಎಸೆದರೂ, ವಧೂವರರಿಗೆ ಮಾತ್ರ ಬಟ್ಟೆ ಅಲ್ಲೇ ಇದ್ದಂತಿತ್ತು. ಮರುದಿನ ಬೆಳಿಗ್ಗೆ ನಾನು ಎದೆ ಗಟ್ಟಿ ಮಾಡಿಕೊಂಡು ಟ್ರಂಕಿನ ತಳದಿಂದ ಕನ್ನಡಕ ತೆಗೆಯುವಾಗ, ಅವರು ಕಿಸೆಯಿಂದ ತಮ್ಮದನ್ನು ತೆಗೆಯುತ್ತಿದ್ದರು.

“ನಿಂದೂ ಐತೇನು?”

“ನಿಮ್ದೂ ಐತೇನ್ರಿ?”

ನಾವಿಬ್ಬರೂ ಬಿದ್ದು ಬಿದ್ದು ನಗುವುದನ್ನು ಕೇಳಿ ಅತ್ತೆ ಚಹಾದ ತಾಟು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು.

ಸಮೀಪದೃಷ್ಟಿಯನ್ನು ವೈದ್ಯರು ದೋಷವೆನ್ನುತ್ತಾರೆ. ಎನ್ನಲಿ, ಅವರ ವಿದ್ಯೆ ಅವರಿಗೆ. ಆದರೆ ಬರಿಗಣ್ಣಿಗೆ ಗೇಣಿನಾಚೆ ಏನೂ ಕಾಣದ ಇಬ್ಬರು ಒಬ್ಬರನ್ನೊಬ್ಬರು ನೋಡಬೇಕೆಂದರೆ ಹತ್ತಿರ ಬರದೆ ಗತ್ಯಂತರವಿಲ್ಲ, ನೋಡಿ. ಹಿಂದಿನ ದಿನ ಎಷ್ಟೇ ಜಗಳವಾಗಿರಲಿ, ಬೆಳಿಗ್ಗೆ ಗೂಡಿಗೆ ಕೈ ಹಾಕುವ ಮುನ್ನ ನಮ್ಮವರು ಗೇಣಿನಷ್ಟು ಹತ್ತಿರಕ್ಕೆ ಮುಖ ತಂದು, ನನ್ನ ಸಿಟ್ಟು ಇಳಿದಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು. ಅಷ್ಟು ಹತ್ತಿರ ಬಂದವರ ಮೇಲೆ ಎಷ್ಟು ಹೊತ್ತು ಸಿಟ್ಟಿನಿಂದಿರಲು ಸಾಧ್ಯ?

ಅವರ ಸಂಕಟ ಬೇರೆ ಇತ್ತು. ನಮ್ಮದು ದ್ರಾಕ್ಷಿ ತೋಟ; ಚಪ್ಪರದ ಕೆಳಗೆ ಬಗ್ಗಿ ನಡೆಯುವಾಗ ಬಳ್ಳಿಯ ತುದಿಗಳು ಕನ್ನಡಕವನ್ನೇ ಹುಡುಕಿ ಎಳೆಯುತ್ತಿದ್ದವು. ಔಷಧ ಹೊಡೆದ ದಿನ ಗಾಜಿನ ತುಂಬ ನೀಲಿ ಹನಿ. ಯಾರೋ ಹೇಳಿದರೆಂದು ಮಿರಜಿಗೆ ಹೋಗಿ ಕಣ್ಣಿನೊಳಗೆ ಇಡುವ ಲೆನ್ಸ್ ತಂದರು. ನಾಲ್ಕನೆಯ ದಿನ ಅದು ತೋಟದಲ್ಲಿ ಜಾರಿ ಬಿತ್ತು. ಆಳುಕಾಳುಗಳೆಲ್ಲ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಕೆದರಿದರೆ ಸಿಕ್ಕಿದ್ದು ಯಾರದೋ ಬಳೆಚೂರು. ಆಮೇಲೆ ತೊಂಬತ್ತರ ದಶಕದ ಕೊನೆಗೆ ಪುಣೆಯಲ್ಲಿ ಲೇಸರ್ ಬಂದಿದೆ, ಒಮ್ಮೆ ಮಾಡಿಸಿದರೆ ಕನ್ನಡಕವೇ ಬೇಡ ಎಂಬ ಸುದ್ದಿ ಬಂತು. ಆಗ ಅವರಿಗೆ ನಲವತ್ತು ದಾಟಿತ್ತು. ಉತ್ಸಾಹಕ್ಕೆ ಮಾತ್ರ ಹದಿನೆಂಟು.

ಪುಣೆಯ ಡಾಕ್ಟರು ಇಬ್ಬರ ಕಣ್ಣನ್ನೂ ಪರೀಕ್ಷಿಸಿದರು. ನನ್ನ ಕಣ್ಣಿನ ಮುಂದಿನ ಪದರ ತೆಳು, ನನಗೆ ಆಗುವುದಿಲ್ಲ. ನಮ್ಮವರಿಗೆ ಆಗುತ್ತದೆ, ಆದರೆ ಈ ವಯಸ್ಸಿನಲ್ಲಿ ದೂರದ ದೃಷ್ಟಿ ಸರಿಯಾದರೆ ಹತ್ತಿರದ್ದು ಮಂಜಾದೀತು, ಓದಲು ಕನ್ನಡಕ ಬೇಕಾದೀತು ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ನಮ್ಮವರು ಮುಂದಿನ ಮಾತು ಕೇಳುವ ಮೊದಲೇ ಚಪ್ಪಲಿ ಬಿಚ್ಚಿ ಒಳಗೆ ಹೊರಟಿದ್ದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಆಗ ಹೊಕ್ಕಿತು ನೋಡಿ ನನ್ನ ಎದೆಯೊಳಗೆ ಒಂದು ಹುಳ. ಇನ್ನು ಮೇಲೆ ಇವರಿಗೆ ನಾನು ಅಡುಗೆಮನೆಯ ಬಾಗಿಲಿಂದಲೇ ಕಾಣುತ್ತೇನೆ, ಅಂಗಳದಿಂದಲೇ ಕಾಣುತ್ತೇನೆ. ಹತ್ತಿರ ಬರುವ ಅಗತ್ಯವಾದರೂ ಏನು? ಗಂಡನ ಕಣ್ಣು ಸರಿಹೋಗಲೆಂದು ಬೇಡಿಕೊಳ್ಳುತ್ತಲೇ, ತೀರ ಅಷ್ಟೊಂದು ಸರಿಹೋಗದಿರಲಿ ಎಂದೂ ಬೇಡಿಕೊಂಡ ಹೆಂಡತಿ ನಾನೊಬ್ಬಳೇ ಇರಬೇಕು. ನಾಚಿಕೆಯಾಯಿತು, ಆದರೂ ಬೇಡಿಕೊಂಡೆ.

ಮರುದಿನ ಬೆಳಿಗ್ಗೆ, ನಾವು ಇಳಿದುಕೊಂಡಿದ್ದ ಕೋಣೆಯಲ್ಲಿ, ಕಣ್ಣಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದದ್ದೇ ತಡ, ಅವರು ಕಿಟಕಿಗೆ ಓಡಿದರು. ರಸ್ತೆಯಾಚೆಯ ಅಂಗಡಿಗಳ ಬೋರ್ಡುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದಿದರು. ತಂತಿಯ ಮೇಲಿನ ಪಾರಿವಾಳಗಳನ್ನು ಎಣಿಸಿದರು. ನಾನು ಕೋಣೆಯ ಈ ತುದಿಯಲ್ಲಿ, ಮಡಿಚಿದ ಟವೆಲನ್ನೇ ಮತ್ತೆ ಮಡಿಚುತ್ತ ನಿಂತಿದ್ದೆ. ಕೊನೆಗೆ ಇತ್ತ ತಿರುಗಿದರು.

“ಏ ಪದ್ಮಾ, ಇಲ್ಲಿಂದನ ಚಂದಂಗ ಕಾಣಾಕತ್ತಿ ನೋಡು. ಮೂಗಿನ ಮ್ಯಾಲಿನ ಚಸ್ಮಾದ ಕಲೀನೂ ಕಾಣಾಕತ್ತಾವು!”

“ಹಂಗಾರ ಮುಗೀತು ಬಿಡ್ರಿ,” ಎಂದೆ.

ಅವರಿಗೆ ಅರ್ಥವಾಯಿತೋ ಇಲ್ಲವೋ ಕಾಣೆ. ನನ್ನ ದನಿ ಕೇಳಿ, ಇಷ್ಟು ವರ್ಷಗಳ ರೂಢಿಯಂತೆ ನೆಟ್ಟಗೆ ಬಂದು ಗೇಣಿನಷ್ಟು ಹತ್ತಿರಕ್ಕೆ ಮುಖ ತಂದರು. ಹುಬ್ಬು ಗಂಟಿಕ್ಕಿತು. ಕಣ್ಣು ಕಿರಿದು ಮಾಡಿದರು, ಅಗಲ ಮಾಡಿದರು.

“ಅರೆ, ಈಗ ಕಾಣವಲ್ಲಿ.”

“ಡಾಕ್ಟರ್ ಹೇಳಿದ್ರಲ್ರಿ, ಹತ್ರದ್ದು ಕಾಣೂದಿಲ್ಲಂತ. ಎರಡು ಹೆಜ್ಜಿ ಹಿಂದ ಸರೀರಿ, ಕಾಣ್ತೀನಿ.”

ಅವರು ಸರಿಯಲಿಲ್ಲ.

“ದೂರಿಂದ ನೋಡಾಕ ಊರೆಲ್ಲಾ ಐತಿ,” ಎಂದು, ನಿನ್ನೆಯಷ್ಟೇ ಸರಿಯಾದ ಆ ಎರಡೂ ಕಣ್ಣುಗಳನ್ನು ಮುಚ್ಚಿಕೊಂಡು ಅಲ್ಲೇ ನಿಂತರು.