ಬ್ಯಾರಿಕೇಡ್ ಆಚೆಯಿಂದ ಬಂದ ಉತ್ತರ

"ಚೀಲದಲ್ಲಿ ಏನ್ರೀ?" ಎಚ್.ಡಿ. ಕೋಟೆ ರಸ್ತೆಯ ಬ್ಯಾರಿಕೇಡ್ ಬಳಿ ಪೊಲೀಸರು ನನ್ನ ಸ್ಕೂಟರ್ ತಡೆದರು. ಲಾಕ್‌ಡೌನ್‌ನಲ್ಲಿ ಬಸ್ಸಿಲ್ಲದೆ ಆಸ್ಪತ್ರೆಗೆ ಬರಲಾಗದ ಎಚ್‌ಐವಿ ಸೋಂಕಿತ ಮಹಿಳೆಯೊಬ್ಬರಿಗೆ ಮಾತ್ರೆ ಒಯ್ಯುತ್ತಿದ್ದೆ. ಆಸ್ಪತ್ರೆಯ ಆಪ್ತಸಮಾಲೋಚಕಿಯಾದ ನಾನು ಯಾರ ಕಾಯಿಲೆಯ ವಿಷಯವನ್ನೂ ಬಾಯಿಬಿಡುವಂತಿಲ್ಲ. ಔಷಧಿ ಎಂದಷ್ಟೇ ಹೇಳಿದೆ. ಯಾರಿಗೆ, ಯಾವ ಕಾಯಿಲೆಗೆ ಎಂದು ಕೇಳಿದರು. ಅದನ್ನು ಹೇಳುವಂತಿಲ್ಲ ಎಂದೆ. ವಾಪಸ್ ಹೋಗಿ ಎಂದರು.

ಬ್ಯಾರಿಕೇಡ್ ಆಚೆ ನನಗಾಗಿ ಕಾಯುತ್ತಿದ್ದ ಆಕೆ ಮುಂದೆ ಬಂದರು. ಅವರ ಊರಿನವರೇ ಕೆಲವರು ಅಲ್ಲಿ ನಿಂತಿದ್ದರು.

"ಅವ್ರುನ್ನ ವಾಪಸ್ ಕಳಿಸ್ಬ್ಯಾಡಿ ಸಾರ್. ನಂಗೆ ಎಚ್‌ಐವಿ ಐತೆ. ಆ ಮಾತ್ರೆ ನಂದು."

ಪೊಲೀಸರು ದಾರಿ ಬಿಟ್ಟರು. ಮಾತ್ರೆ ಕೊಡುತ್ತಾ, ಎಲ್ಲರ ಮುಂದೆ ಯಾಕೆ ಹೇಳಿದಿರಿ ಎಂದು ಮೆಲ್ಲಗೆ ಕೇಳಿದೆ.

"ಮಾತ್ರೆ ನಿಂತೋದ್ರೆ ನಾನೇ ಇರಾಕಿಲ್ವಲ್ಲ ಮೇಡಂ."

ಆಕೆ ಊರವರ ಜತೆಯಲ್ಲೇ ನಡೆದು ಹೋದರು. ದಾರಿಯಲ್ಲಿ ಅವರವರ ನಡುವೆ ಏನು ಮಾತು ನಡೆಯಿತೋ, ನಾನು ಇವತ್ತಿಗೂ ಕೇಳಿಲ್ಲ. ಈಗ ಬಸ್ಸುಗಳಿವೆ; ಮಾತ್ರೆಗೆ ಆಕೆಯೇ ಆಸ್ಪತ್ರೆಗೆ ಬರುತ್ತಾರೆ.